ಛತ್ರಗಳಿಗೆ ಬೀಗ, ಓದೋ ಹುಡುಗರ ಹೊಟ್ಟೆ ಮೇಲೆ ತಣ್ಣೀರು ಬಟ್ಟೆ!

ಆರ್.ಟಿ. ನಗರ ಅಂದರೆ ಏನಪ್ಪಾ ಅಂತ ಇವತ್ತಿನ ಹುಡುಗರನ್ನು ಕೇಳಿ ನೋಡಿ. "ಅದೇ ಸಾರ್, ಆರ್.ಟಿ. ನಗರ" ಅಂತಾರೆ. ಬಡಾವಣೆಗೆ ಹೆಸರಿಟ್ಟ ಹಿರಿಯರು ಸುಮ್ಮನೆ ಇಟ್ಟದ್ದಲ್ಲ. ಅದು ರವೀಂದ್ರನಾಥ ಟಾಗೋರರ ಹೆಸರು. 1901ರಲ್ಲಿ ಶಾಂತಿನಿಕೇತನದಲ್ಲಿ ಮಕ್ಕಳನ್ನು ಅಲ್ಲೇ ಇಟ್ಟುಕೊಂಡು, ಅಲ್ಲೇ ಉಣ್ಣಿಸಿ, ಮರದ ಕೆಳಗೆ ಕೂರಿಸಿ ಪಾಠ ಹೇಳಲು ಶುರು ಮಾಡಿದ ಮಹಾನುಭಾವರು. ಅಂಥವರ ಹೆಸರು ಹೊತ್ತ ಬಡಾವಣೆಯಲ್ಲಿ ಇವತ್ತು ಕಾಲೇಜು ಹುಡುಗನೊಬ್ಬ ರೂಮು ಕೇಳಿಕೊಂಡು ಹೋದರೆ ಗೇಟಿನ ಒಳಗಿನಿಂದಲೇ ಉತ್ತರ ಬರುತ್ತೆ: "ಸ್ಟೂಡೆಂಟ್ಸ್‌ಗೆ ಕೊಡಲ್ಲ, ಫ್ಯಾಮಿಲಿಗೆ ಮಾತ್ರ."

ಫ್ಯಾಮಿಲಿ ಇಲ್ಲದೇ ಹುಡುಗ ಆಕಾಶದಿಂದ ಉದುರಿದನೇ ಸ್ವಾಮಿ? ಅವನಿಗೂ ಅಪ್ಪ ಅಮ್ಮ ಇದ್ದಾರೆ. ಸಿಂಧನೂರಲ್ಲೋ, ಪಾವಗಡದಲ್ಲೋ, ಬಾಗೇಪಲ್ಲಿಯಲ್ಲೋ ಇದ್ದಾರೆ. ಅಷ್ಟೇ ವ್ಯತ್ಯಾಸ.

ಈ ವಾರ ಅಂಕಣದ ವಿಷಯ ಚರಂಡಿ ಅಲ್ಲ, ಬೀದಿ ದೀಪ ಅಲ್ಲ, ಹೆಬ್ಬಾಳದ ಫ್ಲೈಓವರ್ ಟ್ರಾಫಿಕ್ಕೂ ಅಲ್ಲ. ಅವು ಎಲ್ಲರ ಕಣ್ಣಿಗೂ ಬೀಳುತ್ತವೆ. ಕಣ್ಣಿಗೆ ಬೀಳದ ಸಂಗತಿಯೊಂದಿದೆ. ಅದು ಹಸಿವು. ಅದೂ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಬೆನ್ನಿಗೆ ಬ್ಯಾಗು ನೇತುಹಾಕಿಕೊಂಡು, ಕೈಯಲ್ಲಿ ಮೊಬೈಲು ಹಿಡಿದುಕೊಂಡು ಓಡಾಡುವ ಹಸಿವು.

ಬನ್ನು, ಟೀ, ರಾತ್ರಿ ಊಟ!

ಸಂಜೆ ಏಳರ ಮೇಲೆ ಆರ್.ಟಿ. ನಗರದ ಮೇನ್ ರೋಡಿನ ಬೇಕರಿಗಳ ಮುಂದೆ ಸುಮ್ಮನೆ ಅರ್ಧ ಗಂಟೆ ನಿಂತು ನೋಡಿ. ಒಂದು ಬನ್ನು, ಒಂದು ಟೀ ತಗೊಂಡು ನಿಧಾನಕ್ಕೆ, ಬಹಳ ನಿಧಾನಕ್ಕೆ, ತಿನ್ನುವ ಹುಡುಗರು ಸಿಗುತ್ತಾರೆ. ಅದು ಸಂಜೆಯ ತಿಂಡಿ ಅಂತ ನೀವು ಅಂದುಕೊಳ್ಳುತ್ತೀರಿ. ಅದು ಅವರ ರಾತ್ರಿ ಊಟ.

ರಾಯಚೂರು ಕಡೆಯ ಒಬ್ಬ ಡಿಗ್ರಿ ಹುಡುಗನನ್ನು ಮಾತಾಡಿಸಿದೆ. ಮೊದಲು ಬಾಯಿ ಬಿಡಲಿಲ್ಲ. ಪೇಪರಿನವನು, ಹೆಸರು ಹಾಕಲ್ಲ ಅಂತ ಮಾತು ಕೊಟ್ಟ ಮೇಲೆ ಹೇಳಿದ: "ಮುಂಜಾನಿ ನಾಷ್ಟಾ ಬಿಟ್ಟಬಿಟ್ಟೀನ್ರಿ ಸರ. ಮಧ್ಯಾಹ್ನ ಒಂದ್ ಹೊತ್ತು ಹೊಟ್ಟಿ ತುಂಬ ಉಣ್ತೀನಿ. ರಾತ್ರಿ ಹಿಂಗ ಏನರ. ಅವ್ವಗ ಗೃಹಲಕ್ಷ್ಮಿದು ಎರಡು ಸಾವಿರ ಬರ್ತಾವಲ್ರಿ, ಅದನ್ನ ನನಗ ಕಳಸ್ತಾಳ. ನಾ ಉಂಡಿಲ್ಲಂದ್ರ ಅಕಿನೂ ಉಣ್ಣಂಗಿಲ್ಲ. ಅದಕ್ಕ ಫೋನ್ನಾಗ ಉಂಡೀನಿ ಅಂತ ಹೇಳ್ತೀನಿ."

ಇನ್ನೊಬ್ಬ ಹುಡುಗಿ. ಚಿಕ್ಕಬಳ್ಳಾಪುರದ ಆಚೆ ಒಂದು ಹಳ್ಳಿ. ರೂಮು ಮಾಡುವ ಶಕ್ತಿ ಇಲ್ಲ. ಐದೂವರೆಗೆ ಮನೆ ಬಿಟ್ಟು, ಎರಡು ಬಸ್ಸು ಬದಲಾಯಿಸಿ ಹೆಬ್ಬಾಳದಲ್ಲಿ ಇಳಿಯುತ್ತಾಳೆ. ಆ ಹೊತ್ತಿಗೆ ಅವರಮ್ಮ ಒಲೆ ಹಚ್ಚಿರುವುದಿಲ್ಲ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಫ್ರೀ ಆಗಿದ್ದಕ್ಕೇ ತನ್ನ ಕಾಲೇಜು ಉಳಿದದ್ದು ಅಂತ ಹೇಳುತ್ತಾಳೆ. ಶಕ್ತಿ ಯೋಜನೆಯನ್ನು ಆಡಿಕೊಳ್ಳುವವರು ಈ ಮಾತು ಕೇಳಿಸಿಕೊಳ್ಳಬೇಕು. ಆದರೆ ಆ ಹುಡುಗಿಯೇ ನಗುತ್ತಾ ಇನ್ನೊಂದು ಮಾತು ಸೇರಿಸಿದಳು: "ಬಸ್ಸು ಫ್ರೀ ಅಣ್ಣಾ, ಬನ್ನು ಫ್ರೀ ಇಲ್ವಲ್ಲ!"

ಹತ್ತನೇ ಕ್ಲಾಸಿಗೆ ಅನ್ನ ಬಂದ್

ಘನ ಸರ್ಕಾರದ ಲೆಕ್ಕ ಒಮ್ಮೆ ನೋಡೋಣ. 2002ರಲ್ಲಿ ಅಕ್ಷರ ದಾಸೋಹ ಶುರುವಾಯಿತು. ಮೊದಲು ಪ್ರೈಮರಿ, ಆಮೇಲೆ 2007ರ ಹೊತ್ತಿಗೆ ಹೈಸ್ಕೂಲು. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಹತ್ತನೇ ಕ್ಲಾಸಿನ ತನಕ ಮಧ್ಯಾಹ್ನದ ಬಿಸಿಯೂಟ. ಇಡೀ ದೇಶವೇ ಮೆಚ್ಚಬೇಕಾದ ಕೆಲಸ. ಹೊಟ್ಟೆ ತುಂಬಿದ ಮಗು ಕ್ಲಾಸಿನಲ್ಲಿ ಕೂರುತ್ತೆ ಅನ್ನೋದನ್ನು ಸರ್ಕಾರವೇ ಒಪ್ಪಿಕೊಂಡ ಹಾಗಾಯಿತು.

ಎಸ್ಸೆಸ್ಸೆಲ್ಸಿ ಪಾಸಾದ. ಅಷ್ಟಕ್ಕೆ ತಟ್ಟೆ ಕಿತ್ತುಕೊಂಡರು! ಹದಿನಾರು ವರ್ಷಕ್ಕೆ ಹಸಿವು ನಿಂತುಹೋಗುತ್ತದೆಯೇ? ಗಂಡುಹುಡುಗ ನಾಲ್ಕು ಮುದ್ದೆ ನುಂಗುವ ವಯಸ್ಸೇ ಅದು.

ಇನ್ನು ಆ ಕಡೆ ನೋಡಿ. ಡಿಗ್ರಿ ಮುಗಿಸಿ ಕೆಲಸ ಸಿಗದೇ ಇದ್ದರೆ 2024ರ ಜನವರಿಯಲ್ಲಿ ಶುರುವಾದ ಯುವನಿಧಿಯಲ್ಲಿ ತಿಂಗಳಿಗೆ 3,000 ರೂಪಾಯಿ. ಡಿಪ್ಲೊಮಾ ಆದವರಿಗೆ 1,500. ಕೊಡಲಿ, ಬೇಡ ಅನ್ನಲ್ಲ. ಆದರೆ ಹತ್ತನೇ ಕ್ಲಾಸಿನ ತನಕ ಊಟ, ಡಿಗ್ರಿ ಆದಮೇಲೆ ಭತ್ಯೆ. ಮಧ್ಯದಲ್ಲಿ ಪಿಯುಸಿ ಎರಡು, ಡಿಗ್ರಿ ಮೂರು, ಒಟ್ಟು ಐದು ವರ್ಷ ಹುಡುಗ ಗಾಳಿ ಕುಡಿದು ಬದುಕಬೇಕೆ? ಸೇತುವೆಯ ಎರಡೂ ತುದಿ ಕಟ್ಟಿ ನಡುವೆ ಖಾಲಿ ಬಿಟ್ಟ ಹಾಗಿದೆ ಇದು.

"ಸ್ಕಾಲರ್‌ಶಿಪ್ ಇದೆಯಲ್ಲಾ ಸಾರ್" ಅಂತ ಸಾಹೇಬರು ಅನ್ನುತ್ತಾರೆ. ಇದೆ. ಅದನ್ನೂ ಎಣಿಸೋಣ. ಪರಿಶಿಷ್ಟ ಜಾತಿಯ ಮಕ್ಕಳಿಗೆ ಕೇಂದ್ರದ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್. 2021ರಲ್ಲಿ ಹೊರಬಂದ ಹೊಸ ನಿಯಮದ ಪ್ರಕಾರ, ಕಾಲೇಜಿನ ಫೀಜು ಬಿಟ್ಟು, ಕೈಗೆ ಸಿಗುವ ಭತ್ಯೆ ಹೀಗಿದೆ. ಬಿ.ಎ., ಬಿ.ಕಾಂ., ಬಿ.ಎಸ್ಸಿ.ಯಂಥ ಕೋರ್ಸು, ಹಾಸ್ಟೆಲಿನಲ್ಲಿ ಇಲ್ಲದವನಿಗೆ ವರ್ಷಕ್ಕೆ 3,000. ಪಿಯುಸಿಯವನಾದರೆ ವರ್ಷಕ್ಕೆ 2,500. ತಿಂಗಳಿಗಲ್ಲ ಮಹಾಶಯರೇ, ವರ್ಷಕ್ಕೆ! ಮೂರು ಸಾವಿರವನ್ನು 365 ದಿನಕ್ಕೆ ಹಂಚಿದರೆ ದಿನಕ್ಕೆ ಎಂಟು ರೂಪಾಯಿ ಚಿಲ್ಲರೆ. ಮೇನ್ ರೋಡಿನಲ್ಲಿ ಒಂದು ಟೀ ಕೂಡ ಆ ದುಡ್ಡಿಗೆ ಬರಲ್ಲ.

ಹಿಂದುಳಿದ ವರ್ಗದವರಿಗೆ ರಾಜ್ಯದ ವಿದ್ಯಾಸಿರಿ ಇದೆ. 2013-14ರಲ್ಲಿ ಶುರುವಾದದ್ದು. ಸರ್ಕಾರಿ ಹಾಸ್ಟೆಲಿನಲ್ಲಿ ಜಾಗ ಸಿಗದವರಿಗೆ ಊಟ ವಸತಿಗೆ ಅಂತ ತಿಂಗಳಿಗೆ 1,500ರಂತೆ ಹತ್ತು ತಿಂಗಳು, ಒಟ್ಟು 15,000. ಯೋಚನೆ ಮಾಡಿದವರಿಗೆ ಕೈ ಮುಗಿಯಬೇಕು. ಆದರೆ ಅವತ್ತಿನ ಸಾವಿರದೈನೂರಕ್ಕೆ ಇದ್ದ ಬೆಲೆ ಈಗ ಎಲ್ಲಿದೆ? ಆರ್.ಟಿ. ನಗರ, ಗಂಗಾನಗರ, ಸುಲ್ತಾನ್‌ಪಾಳ್ಯ ಎಲ್ಲಿ ಹುಡುಕಿದರೂ ಮೂರು ಮಂಚದ ಪಿ.ಜಿ. ರೂಮಿನಲ್ಲಿ ಒಂದು ಮಂಚಕ್ಕೇ ಆರೇಳು ಸಾವಿರ ಕೇಳುತ್ತಾರೆ. ಜೊತೆಗೆ ಅಡ್ವಾನ್ಸು. ಸರ್ಕಾರದ ದುಡ್ಡಾದರೋ ಜೂನ್‌ನಲ್ಲಿ ಹಸಿದವನಿಗೆ ಎಷ್ಟೋ ಸಲ ವರ್ಷದ ಕೊನೆಯಲ್ಲಿ ಕೈಸೇರುತ್ತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನೋದು ಇದಕ್ಕೇ.

ರಿಜಿಸ್ಟರಿನಲ್ಲಿ ಇಲ್ಲದ ಕಾಲಂ

ಒಬ್ಬ ಹುಡುಗ ಕಾಲೇಜು ಬಿಟ್ಟರೆ ರಿಜಿಸ್ಟರಿನಲ್ಲಿ ಏನು ಬರೆಯುತ್ತಾರೆ? "ಸತತ ಗೈರುಹಾಜರಿ." ಶೇ. 75 ಹಾಜರಾತಿ ಇಲ್ಲ, ಪರೀಕ್ಷೆಗೆ ಕೂರಿಸಲ್ಲ, ಕಥೆ ಮುಗಿಯಿತು. ಯಾಕೆ ಗೈರುಹಾಜರಾದ ಅಂತ ಕೇಳುವವರಿಲ್ಲ. ರಾತ್ರಿ ಹನ್ನೆರಡರ ತನಕ ಬೈಕಿನಲ್ಲಿ ಬೇರೆಯವರ ಮನೆಗೆ ಬಿರಿಯಾನಿ ತಲುಪಿಸಿದ ಹುಡುಗ ಬೆಳಿಗ್ಗೆ ಎಂಟರ ಕ್ಲಾಸಿಗೆ ಹೇಗೆ ಏಳುತ್ತಾನೆ? ಊರ ಜನರ ಊಟದ ಡಬ್ಬಿ ಬೆನ್ನ ಮೇಲೆ, ತನ್ನ ಹೊಟ್ಟೆ ಖಾಲಿ. ರಿಜಿಸ್ಟರಿನಲ್ಲಿ 'ಹಸಿವು' ಅಂತ ಒಂದು ಕಾಲಂ ಇಲ್ಲ.

ಇದನ್ನು ಬರೆಯುತ್ತಿರುವವನೂ ಪಿಯುಸಿ ಮುಗಿಸಿದವನಲ್ಲ. ಹಾಸ್ಟೆಲ್ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಮೂರು ತಿಂಗಳು ಪರಿಚಯದವರ ಹಜಾರದಲ್ಲಿ ಮಲಗಿದ್ದಾಯಿತು. ಆಮೇಲೆ ಒಂದು ಪ್ರೆಸ್ಸಿಗೆ ಸೇರಿದೆ. ಪತ್ರಿಕಾ ವೃತ್ತಿಯ ಮೇಲಿನ ಭಕ್ತಿಯಿಂದ ಅಂತ ತಿಳಿಯಬೇಡಿ. ಅಲ್ಲಿ ರಾತ್ರಿ ಪಾಳಿಯವರಿಗೆ ಊಟ ಕೊಡುತ್ತಿದ್ದರು, ಅದಕ್ಕೆ. ನನ್ನದೇನೋ ಹೇಗೋ ನಡೆಯಿತು. ಜೊತೆಯಲ್ಲಿದ್ದ ಇಬ್ಬರು ನನಗಿಂತ ಚೆನ್ನಾಗಿ ಓದುತ್ತಿದ್ದರು. ಒಬ್ಬ ಗಾರೆ ಕೆಲಸಕ್ಕೆ ಹೋದ, ಇನ್ನೊಬ್ಬ ಊರಿಗೆ ಹೋದ. ಡಾಕ್ಟರೋ ಎಂಜಿನಿಯರೋ ಆಗಬಹುದಾಗಿದ್ದವರು ಅಂತ ಉತ್ಪ್ರೇಕ್ಷೆ ಮಾಡಲ್ಲ. ಮೇಷ್ಟರಂತೂ ಆಗುತ್ತಿದ್ದರು.

ವಾರಾನ್ನದ ಕಾಲ

ಹಿರಿಯರು ಹೇಳುತ್ತಾರೆ, "ನಮ್ಮ ಕಾಲದಲ್ಲಿ ವಾರಾನ್ನ ಇತ್ತಪ್ಪಾ" ಅಂತ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆಯಲ್ಲಿ ಉಂಡು ಓದಿದವರು ಮೈಸೂರು ಸೀಮೆಯಲ್ಲಿ ಎಷ್ಟು ಜನ ಜಡ್ಜುಗಳಾದರು, ಎಷ್ಟು ಜನ ಪ್ರೊಫೆಸರುಗಳಾದರು! ಸರ್ ಎಂ. ವಿಶ್ವೇಶ್ವರಯ್ಯನವರೇ ಮನೆಪಾಠ ಹೇಳಿ ತಮ್ಮ ಖರ್ಚು ತೂಗಿಸಿಕೊಂಡು 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮಾಡಿದರು. ಕನ್ನಂಬಾಡಿ ಅಣೆಕಟ್ಟಿನ ಹಿಂದೆ ಯಾರದೋ ಮನೆಯ ಅನ್ನದ ಋಣ ಇದೆ.

ಆದರೆ ಆ ಕಾಲವನ್ನು ಸುಮ್ಮನೆ ಹೊಗಳಿ ಕೂರುವುದು ಸರಿಯಲ್ಲ. ವಾರಾನ್ನದ ಎಲೆ ಎಲ್ಲರಿಗೂ ಬೀಳುತ್ತಿರಲಿಲ್ಲ. ಜಾತಿ ಕೇಳಿಯೇ ಎಲೆ ಹಾಕುತ್ತಿದ್ದದ್ದು. ಎಲೆ ಬಿದ್ದವನೂ ಮನೆಯಾಕೆಯ ಮುಖ ನೋಡಿಕೊಂಡು, ಎರಡನೇ ಸಲ ಸಾರು ಕೇಳಲು ನಾಚಿಕೊಂಡು ಉಣ್ಣಬೇಕಿತ್ತು. ಊರ ಹೊರಗಿನ ಕೇರಿಯ ಹುಡುಗನಿಗಂತೂ ಆ ಜಗುಲಿಯೂ ಇರಲಿಲ್ಲ.

ಅದಕ್ಕೇ ಹಾಸ್ಟೆಲುಗಳು ಬಂದವು. ಗಾಂಧೀವಾದಿ ಗೋಪಾಲಸ್ವಾಮಿ ಅಯ್ಯರ್ ದಲಿತ ಹುಡುಗರಿಗೆ ಹಾಸ್ಟೆಲು ಕಟ್ಟಲು ಸಂಸ್ಥಾನದಲ್ಲಿ ಊರೂರು ಅಲೆದರು. ತಮ್ಮ ಜಾತಿಯವರ ಬೈಗುಳಕ್ಕೆ ಕಿವಿಗೊಡಲಿಲ್ಲ. ಒಕ್ಕಲಿಗರ ಸಂಘ 1906ರಲ್ಲಿ ಹುಟ್ಟಿತು. ಒಂದೊಂದು ಜನಾಂಗವೂ ತನ್ನ ಮಕ್ಕಳಿಗೆ ಅಂತ ಬೆಂಗಳೂರಲ್ಲಿ ನೆಲೆ ಮಾಡಿಕೊಂಡಿತು. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ ಹಾಕಿ ಓದಿಸಿದರು. 2019ರಲ್ಲಿ ಅವರು ಲಿಂಗೈಕ್ಯರಾದ ದಿನ ಅತ್ತವರಲ್ಲಿ ಆ ಅನ್ನ ಉಂಡವರೇ ಹೆಚ್ಚು. ದೇವರಾಜ ಅರಸು ಕಾಲದಲ್ಲಿ ಹಾವನೂರು ವರದಿ ಬಂದು, 1977ರಲ್ಲಿ ಹಿಂದುಳಿದ ವರ್ಗಗಳಿಗೇ ಒಂದು ಇಲಾಖೆಯಾಗಿ, ಸರ್ಕಾರಿ ಹಾಸ್ಟೆಲುಗಳು ಜಿಲ್ಲೆ ಜಿಲ್ಲೆಗೆ ಹರಡಿದವು. ಇವತ್ತು ವಿಧಾನಸೌಧದ ಮೇಜುಗಳ ಹಿಂದೆ ಕೂತಿರುವ ಎಷ್ಟೋ ಸಾಹೇಬರು ಆ ಹಾಸ್ಟೆಲಿನ ತಿಳಿಸಾರು ಉಂಡು ಬಂದವರು. ಆ ಸಾರಿನ ರುಚಿ ಮರೆತುಹೋಯಿತೇ?

ಈಗಿನ ಕಷ್ಟ ಏನೆಂದರೆ, ಬೆಂಗಳೂರಿಗೆ ಓದಲು ಬರುವವರ ಸಂಖ್ಯೆ ಬೆಳೆದ ಹಾಗೆ ಹಾಸ್ಟೆಲಿನ ಮಂಚಗಳು ಬೆಳೆಯಲಿಲ್ಲ. ಹೆಬ್ಬಾಳದ ವೆಟರ್ನರಿ ಕಾಲೇಜು, ಜಿ.ಕೆ.ವಿ.ಕೆ. ಕೃಷಿ ವಿಶ್ವವಿದ್ಯಾಲಯದಂಥ ದೊಡ್ಡ ಸಂಸ್ಥೆಗಳಿಗೆ ತಮ್ಮದೇ ಹಾಸ್ಟೆಲು ಇದೆ. ಗಲ್ಲಿಯೊಳಗಿನ ಡಿಗ್ರಿ ಕಾಲೇಜು, ನರ್ಸಿಂಗ್ ಕಾಲೇಜು, ಐ.ಟಿ.ಐ. ಹುಡುಗರ ಗತಿ ಏನು? ಮೂರು ಮಹಡಿ ಕಟ್ಟಡ, ಕೆಳಗೆ ಮೆಡಿಕಲ್ ಸ್ಟೋರು, ಮೇಲೆ ಕಾಲೇಜು. ಕ್ಯಾಂಟೀನು ಅಂದರೆ ರಸ್ತೆಯಾಚೆಯ ಗಾಡಿ.

ಪಿ.ಜಿ. ಪುರಾಣ

ಪಿ.ಜಿ. ಮಾಲೀಕರನ್ನೆಲ್ಲ ಬೈಯುವ ಚಾಳಿ ನಮ್ಮಲ್ಲಿದೆ. ಬೈಯುವಂಥವರೂ ಇದ್ದಾರೆ. ಆದರೆ ದಿಣ್ಣೂರು ರಸ್ತೆ ಕಡೆ ಪಿ.ಜಿ. ನಡೆಸುವ ಒಬ್ಬ ಅಮ್ಮ ಹೇಳಿದ್ದು ಕೇಳಿ: "ಗ್ಯಾಸು ಏರ್ತು, ಅಕ್ಕಿ ಏರ್ತು, ಟ್ಯಾಂಕರ್ ನೀರು ಏರ್ತು. ಎರಡು ತಿಂಗಳು ದುಡ್ಡು ಕೊಡದೇ ಇರೋ ಹುಡುಗ್ರೂ ಇದಾರೆ. ಊಟ ನಿಲ್ಸೋಕಾಗತ್ತಾ? ನಮ್ಮನೇಲೂ ಮಕ್ಳಿದಾರೆ. ಆದ್ರೆ ಮೂರನೇ ತಿಂಗಳು ಹೋಗಪ್ಪಾ ಅನ್ಲೇಬೇಕಾಗತ್ತೆ."

2024ರ ಜುಲೈಯಲ್ಲಿ ಕೋರಮಂಗಲದ ಪಿ.ಜಿ.ಯೊಂದರಲ್ಲಿ ಯುವತಿಯ ಕೊಲೆಯಾದ ಮೇಲೆ, ಆಗಸ್ಟ್‌ನಲ್ಲಿ ಬಿ.ಬಿ.ಎಂ.ಪಿ. ಎಚ್ಚೆತ್ತು ನಿಯಮ ಮಾಡಿತು. ತಲೆಗೆ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿ.ಸಿ. ಕ್ಯಾಮೆರಾ, ಅಡುಗೆಮನೆಗೆ ಲೈಸೆನ್ಸು, ಬೆಂಕಿ ಸುರಕ್ಷತೆ. ಒಳ್ಳೆಯ ನಿಯಮಗಳು. ಹತ್ತಡಿ ರೂಮಿಗೆ ನಾಲ್ಕು ಮಂಚ ತುರುಕುವ ಅನ್ಯಾಯ ನಿಲ್ಲಲೇಬೇಕು. ಆದರೆ ನಾಲ್ಕು ಮಂಚದ ರೂಮಿನಿಂದ ಮೂರು ಮಂಚ ಎತ್ತಿದರೆ, ಆ ಮೂವರು ಎಲ್ಲಿಗೆ ಹೋಗಬೇಕು ಅಂತ ನಿಯಮದಲ್ಲಿ ಬರೆದಿಲ್ಲ. ಉಳಿದ ಮಂಚದ ಬಾಡಿಗೆ ಏರುತ್ತೆ. ಬಡ ಹುಡುಗ ಇನ್ನೂ ಅಗ್ಗದ, ಇನ್ನೂ ಕತ್ತಲೆಯ, ಯಾವ ಲೈಸೆನ್ಸೂ ಇಲ್ಲದ ಶೀಟಿನ ಮನೆಗೆ ಹೋಗುತ್ತಾನೆ. ನಿಯಮ ಒಂದು ಕೈಯಲ್ಲಿ, ಹಾಸ್ಟೆಲು ಇನ್ನೊಂದು ಕೈಯಲ್ಲಿ ಹಿಡಿದು ಬರಬೇಕಿತ್ತು. ಸರ್ಕಾರ ಒಂದೇ ಕೈ ಬೀಸಿಕೊಂಡು ಬಂತು.

ಒಂದು ವಿಷಯದಲ್ಲಿ ಶಾಭಾಸ್ ಅನ್ನಬೇಕು. 2023ರಲ್ಲಿ ಹಾಸ್ಟೆಲು, ಪಿ.ಜಿ.ಗಳು ಮನೆಯಲ್ಲ ಅಂತ ತೀರ್ಪು ಮಾಡಿ ಶೇ. 12 ಜಿ.ಎಸ್.ಟಿ. ಹಾಕಲು ಹೊರಟಿದ್ದರು. 2024ರ ಜೂನ್‌ನಲ್ಲಿ ಜಿ.ಎಸ್.ಟಿ. ಮಂಡಳಿ, ಮೂರು ತಿಂಗಳಿಗೆ ಕಡಿಮೆ ಇಲ್ಲದೆ ಇರುವವರಿಗೆ, ತಿಂಗಳ ಬಾಡಿಗೆ 20,000 ಮೀರದಿದ್ದರೆ ತೆರಿಗೆ ಬೇಡ ಅಂತ ತೀರ್ಮಾನಿಸಿತು. ಹಸಿದವನ ಮೇಲೆ ತೆರಿಗೆ ತಪ್ಪಿತು, ಅಷ್ಟು ಪುಣ್ಯ.

ಛತ್ರ ಅಂದರೆ ಏನು ಸ್ವಾಮಿ?

ಈಗ ಮುಖ್ಯ ಮಾತಿಗೆ ಬರೋಣ. ಗುಬ್ಬಿಯಿಂದ ಬಂದು ಬೆಂಗಳೂರಲ್ಲಿ ವ್ಯಾಪಾರ ಮಾಡಿದ ತೋಟದಪ್ಪನವರು ರೈಲ್ವೆ ಸ್ಟೇಷನ್ ಎದುರು ಜಾಗ ಕೊಂಡು ಛತ್ರ ಕಟ್ಟಿಸಿದರು. 1903ರಲ್ಲಿ ಅದರ ಬಾಗಿಲು ತೆರೆಯಿತು. ಅದು ಮದುವೆ ಬಾಡಿಗೆಗೆ ಅಂತ ಕಟ್ಟಿದ್ದಲ್ಲ. ಊರಿಗೆ ಬಂದವನಿಗೆ ತಲೆ ಮೇಲೆ ಸೂರು ಇರಲಿ ಅಂತ. ಓದುವ ಹುಡುಗರಿಗೂ ಅವರು ಉಚಿತ ಹಾಸ್ಟೆಲು ಮಾಡಿದರು. ಆಸ್ತಿಯನ್ನು ಟ್ರಸ್ಟಿಗೆ ಬರೆದಿಟ್ಟು ಹೋದರು. ಛತ್ರ ಅನ್ನುವ ಮಾತಿನ ಅರ್ಥವೇ ಅದು: ಅನ್ನ ಮತ್ತು ನೆರಳು.

ಈಗ ನಮ್ಮ ಬಡಾವಣೆಗಳ ಛತ್ರಗಳನ್ನು ನೋಡಿ. ಹೆಸರು ಕಲ್ಯಾಣ ಮಂಟಪ. ಯಾರ ಕಲ್ಯಾಣ ಅಂತ ಕೇಳಬಾರದು. ಮದುವೆ ಲಗ್ನದ ದಿನ ಲಕ್ಷಗಟ್ಟಲೆ ಬಾಡಿಗೆ. ಉಳಿದ ದಿನ ಬೀಗ. ಆಷಾಢ ಬಂದರಂತೂ ತಿಂಗಳು ಪೂರ್ತಿ ವಾಚ್‌ಮನ್ ಒಬ್ಬನೇ ಗತಿ. ಶೂನ್ಯಮಾಸದಲ್ಲೂ ಅದೇ ಕಥೆ. ಶಾದಿಮಹಲ್‌ಗಳಿಗೂ ಮದುವೆ ಇಲ್ಲದ ದಿನಗಳು ಬೇಕಾದಷ್ಟಿವೆ. ಒಳಗೆ ನೋಡಿದರೆ ನೂರಾರು ಜನಕ್ಕೆ ಅಡುಗೆಯಾಗುವ ಒಲೆ, ಕೊಳದಪ್ಪಲೆ, ಉದ್ದನೆಯ ಊಟದ ಹಾಲು, ನೀರು, ಶೌಚಾಲಯ, ಮೇಲೆ ಗಂಡಿನ ಕಡೆಯವರಿಗೆ ಹೆಣ್ಣಿನ ಕಡೆಯವರಿಗೆ ರೂಮುಗಳು. ಎಲ್ಲ ಸಿದ್ಧವಾಗಿದೆ, ಉಣ್ಣುವವರಿಲ್ಲ. ಹೊರಗೆ ಉಣ್ಣುವವರು ಇದ್ದಾರೆ, ಎಲೆಯಿಲ್ಲ.

ಇದರಲ್ಲೊಂದು ತಮಾಷೆ ಗಮನಿಸಿ. ಆಷಾಢ ಬರೋದು ಜೂನ್ ಕೊನೆ, ಜುಲೈ ಹೊತ್ತಿಗೆ. ಊರಿಂದ ಹುಡುಗರು ಟ್ರಂಕು, ಅಕ್ಕಿ ಚೀಲ ಹೊತ್ತುಕೊಂಡು ಬೆಂಗಳೂರಿಗೆ ಬಂದಿಳಿಯುವುದೂ ಅದೇ ಸಮಯಕ್ಕೆ. ಸರ್ಕಾರಿ ಹಾಸ್ಟೆಲಿನ ಪಟ್ಟಿ ಇನ್ನೂ ಅಂಟಿಸಿರದೇ ಇರುವುದೂ ಅದೇ ಸಮಯದಲ್ಲಿ. ಛತ್ರ ಖಾಲಿ ಇರುವ ತಿಂಗಳು, ಹುಡುಗ ಬೀದಿಯಲ್ಲಿರುವ ತಿಂಗಳು, ಎರಡೂ ಒಂದೇ! ಈ ಎರಡನ್ನು ಸೇರಿಸಲು ಐ.ಎ.ಎಸ್. ಪಾಸು ಮಾಡಬೇಕೆ?

ಹುಡುಗ ಕಾಲೇಜು ಬಿಡುವುದು ಹೆಚ್ಚಾಗಿ ಮೊದಲ ಎರಡು ಮೂರು ತಿಂಗಳಲ್ಲೇ. ಆ ದಿನಗಳನ್ನು ದಾಟಿಸಿಬಿಟ್ಟರೆ ಅಷ್ಟು ಹೊತ್ತಿಗೆ ಹಾಸ್ಟೆಲ್ ಸಿಕ್ಕೀತು, ಸ್ನೇಹಿತರು ಸಿಕ್ಕಾರು, ಸಂಜೆ ಕೆಲಸವೋ ಟ್ಯೂಷನ್ನೋ ಗಿಟ್ಟೀತು.

"ಹೀಗೆ ಕೊಟ್ಟು ಕೊಟ್ಟು ಹಾಳು ಮಾಡ್ತೀರಿ!"

ಅಂತ ಅನ್ನುವವರಿದ್ದಾರೆ. ಎಚ್.ಎಂ.ಟಿ. ಗ್ರೌಂಡಿನಲ್ಲಿ ವಾಕಿಂಗ್ ಮುಗಿಸಿದ ನಿವೃತ್ತ ಯಜಮಾನರೊಬ್ಬರು ನನಗೆ ಹೇಳಿದರು: "ಓದೋಕೆ ಯೋಗ್ಯತೆ ಇದ್ದೋನು ಹೇಗಾದ್ರೂ ಓದ್ತಾನೆ ಕಣಯ್ಯಾ. ನಾವು ಬೀದಿ ದೀಪದಲ್ಲಿ ಓದ್ಲಿಲ್ವೇ?" ಯಜಮಾನರೇ, ಬೀದಿ ದೀಪದಲ್ಲಿ ಓದಿದ ನೀವು ಊಟ ಎಲ್ಲಿ ಮಾಡಿದಿರಿ ಅಂತ ಕೇಳಿದೆ. ಒಂದು ಕ್ಷಣ ಸುಮ್ಮನಾದರು. "ಸೋದರತ್ತೆ ಮನೆಯಲ್ಲಿ" ಅಂದರು. ಅಷ್ಟೇ! ಬೆಂಗಳೂರಲ್ಲಿ ಸೋದರತ್ತೆ ಇಲ್ಲದವನ ಮಾತನ್ನೇ ನಾನು ಆಡುತ್ತಿರುವುದು.

ಇನ್ನೊಂದು ಮಾತು, "ಮೊಬೈಲ್‌ಗೆ ದುಡ್ಡಿದೆ, ಊಟಕ್ಕಿಲ್ವಾ?" ಇವತ್ತು ಕಾಲೇಜಿನ ನೋಟೀಸು, ಸ್ಕಾಲರ್‌ಶಿಪ್ ಅರ್ಜಿ, ಹಾಸ್ಟೆಲ್ ಅರ್ಜಿ, ಎಲ್ಲವೂ ಮೊಬೈಲಿನಲ್ಲೇ. ಅದಿಲ್ಲದೆ ಹುಡುಗ ವಿದ್ಯಾರ್ಥಿಯೇ ಅಲ್ಲ. ಹಳೇ ಮೊಬೈಲನ್ನು ಕಂತಿನಲ್ಲಿ ಕೊಂಡು, ಕಂತು ಕಟ್ಟಲು ತಿಂಡಿ ಬಿಟ್ಟವರನ್ನು ನಾನು ನೋಡಿದ್ದೇನೆ.

ಇದು ನಮ್ಮ ಬಡ ದೇಶದ ರೋಗ ಮಾತ್ರ ಅಂತಲೂ ತಿಳಿಯಬೇಡಿ. ಡಾಲರಿನ ದೇಶ ಅಮೆರಿಕಾದಲ್ಲಿ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯ ವಿದ್ಯಾರ್ಥಿಗಳು 1993ರಲ್ಲೇ ತಮ್ಮ ಸಹಪಾಠಿಗಳಿಗಾಗಿ ದವಸ ಧಾನ್ಯದ ಭಂಡಾರ ತೆರೆದರು. ಆಮೇಲೆ ಅಲ್ಲಿ ನೂರಾರು ಕಾಲೇಜುಗಳಲ್ಲಿ ಅಂಥವು ಹುಟ್ಟಿದವು. ಫ್ರಾನ್ಸಿನಲ್ಲಿ 2020ರಲ್ಲಿ ಸ್ಕಾಲರ್‌ಶಿಪ್ ಪಡೆಯುವ ವಿದ್ಯಾರ್ಥಿಗಳಿಗೆ ಒಂದು ಯೂರೋಗೆ ಊಟ ಶುರು ಮಾಡಿದರು. ಅವರು ಹಾಳಾದರೇ? ಇಲ್ಲ, ಪಾಠ ಕೇಳಿದರು.

ಆಗಬೇಕಾದ್ದು ಇಷ್ಟು

ಬೈದು ಬಿಡುವುದು ಸುಲಭ. ಏನು ಮಾಡಬಹುದು ಅಂತಲೂ ಹೇಳಬೇಕಲ್ಲ. ಕೋಟಿಗಟ್ಟಲೆ ಯೋಜನೆ ಕೇಳುತ್ತಿಲ್ಲ.

ಒಂದು: ಹಾಸ್ಟೆಲಿನ ಪಟ್ಟಿ ಕಾಲೇಜು ಬಾಗಿಲು ತೆರೆಯುವ ಮೊದಲೇ ಬರಲಿ. ಅಡ್ಮಿಷನ್ ಆದ ವಾರದಲ್ಲೇ ಯಾರಿಗೆ ಜಾಗ ಇದೆ, ಯಾರಿಗಿಲ್ಲ ಅಂತ ಗೊತ್ತಾಗಲಿ. ಇಲ್ಲದವರಿಗೆ ವಿದ್ಯಾಸಿರಿ ದುಡ್ಡು ಮೊದಲ ತಿಂಗಳಿನಿಂದಲೇ ಬರಲಿ. ಹಸಿವಿಗೆ ಬಾಕಿ ಪಾವತಿ ಅನ್ನುವುದಿಲ್ಲ. ಕಳೆದ ಜುಲೈ ಊಟವನ್ನು ಬರುವ ಮಾರ್ಚ್‌ನಲ್ಲಿ ಮಾಡಲಾಗದು.

ಎರಡು: 2017ರ ಆಗಸ್ಟ್‌ನಲ್ಲಿ ಇಂದಿರಾ ಕ್ಯಾಂಟೀನು ಶುರುವಾದಾಗ ಬೆಳಗಿನ ತಿಂಡಿ 5 ರೂಪಾಯಿ, ಮಧ್ಯಾಹ್ನ ರಾತ್ರಿ ಊಟ 10 ರೂಪಾಯಿ. ಮೂರು ಹೊತ್ತಿಗೆ 25. ತಿಂಗಳಿಗೆ 750. ಅಂದರೆ ಆ ವಿದ್ಯಾಸಿರಿಯ ಸಾವಿರದೈನೂರರಲ್ಲಿ ಅರ್ಧಕ್ಕೆ ಊಟದ ಚಿಂತೆಯೇ ತೀರುವ ಲೆಕ್ಕ! ಆದರೆ ಕಾಲೇಜು ಬಿಡುವ ಹೊತ್ತಿಗೆ ಅಲ್ಲಿ ಅನ್ನ ಮುಗಿದಿರಬಾರದು. ಕಾಲೇಜು ಹೆಚ್ಚಿರುವ ಕಡೆ ತಟ್ಟೆ ಹೆಚ್ಚಿಸಿ. ಐ.ಡಿ. ಕಾರ್ಡು ತೋರಿಸಿದವರಿಗೆ ಒಂದು ಪಾಲು ಎತ್ತಿಡಿ. ರಾತ್ರಿ ಊಟ ಎಲ್ಲ ಕ್ಯಾಂಟೀನಿನಲ್ಲೂ ನಿಯತ್ತಾಗಿ ನಡೆಯಲಿ. ಹೊಸದಾಗಿ ಕಟ್ಟಬೇಕಾದ್ದು ಏನೂ ಇಲ್ಲ, ಇರುವುದನ್ನು ಸರಿಯಾಗಿ ನಡೆಸಬೇಕಾದ್ದು.

ಮೂರು: ಛತ್ರದ ಮಾಲೀಕರು, ಶಾದಿಮಹಲ್ ಕಮಿಟಿಯವರು, ಚರ್ಚು ಹಾಲಿನವರು, ದೇವಸ್ಥಾನದ ಟ್ರಸ್ಟಿಗಳು ಒಮ್ಮೆ ಒಟ್ಟಿಗೆ ಕೂರಲಿ. ಆಷಾಢದ ಒಂದು ತಿಂಗಳು, ಒಂದೊಂದು ಛತ್ರ ಇಪ್ಪತ್ತು ಹುಡುಗರಿಗೆ ಅಥವಾ ಇಪ್ಪತ್ತು ಹುಡುಗಿಯರಿಗೆ ಜಾಗ ಕೊಡಲಿ. ಸಿರಿಗೆರೆ ಮಠದ ತರಳಬಾಳು ಕೇಂದ್ರ ನಮ್ಮ ಆರ್.ಟಿ. ನಗರದಲ್ಲೇ ಇದೆ. ಹುಡುಗರನ್ನು ಇಟ್ಟುಕೊಂಡು ಓದಿಸುವುದು ಹೇಗೆ ಅಂತ ಬಲ್ಲ ಮಠ ಅದು. ಅಂಥವರ ಅನುಭವದಿಂದ ಉಳಿದವರೂ ಕಲಿಯಲಿ. ಒಂದೇ ಷರತ್ತು: ಬಾಗಿಲಲ್ಲಿ "ನೀವು ಯಾವ ಪೈಕಿ?" ಅಂತ ಕೇಳಬಾರದು. ಐ.ಡಿ. ಕಾರ್ಡಿನಲ್ಲಿ ಜಾತಿ ಬರೆದಿರುವುದಿಲ್ಲ, ಅಷ್ಟು ಸಾಕು.

ನಾಲ್ಕು: ಪ್ರತಿ ಕಾಲೇಜಿನಲ್ಲಿ ಒಬ್ಬ ಮೇಷ್ಟರು ಅಥವಾ ಮೇಡಂ ಈ ಕೆಲಸಕ್ಕೆ ಇರಲಿ. ಹಾಜರಾತಿ ಕಡಿಮೆಯಾದವನನ್ನು ಫೈನ್ ಕಟ್ಟು ಅನ್ನುವ ಮೊದಲು ರೂಮಿಗೆ ಕರೆದು, ಬಾಗಿಲು ಹಾಕಿ, "ಊಟ ಆಯ್ತೇನಪ್ಪಾ?" ಅಂತ ಕೇಳಲಿ. ಎಲ್ಲರೆದುರು ಕೇಳಬಾರದು. ಬಡವನಿಗೆ ಉಳಿದಿರುವುದು ಮಾನ ಒಂದೇ. ಅದನ್ನು ಕಳೆದು ಅನ್ನ ಕೊಟ್ಟರೆ ಅವನು ಉಣ್ಣಲ್ಲ.

ಐದು: ಮನೆ ಮಾಲೀಕರಲ್ಲಿ ಒಂದು ವಿನಂತಿ. ಮಕ್ಕಳು ಅಮೆರಿಕಾಕ್ಕೆ ಹೋಗಿ ಮಹಡಿ ಮೇಲಿನ ರೂಮು ಖಾಲಿ ಬಿದ್ದಿರುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ನಿಮ್ಮ ಮಗನೂ ಅಲ್ಲಿ ಯಾರದೋ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದೇ ಓದಿದ್ದು. "ಸ್ಟೂಡೆಂಟ್ಸ್‌ಗೆ ಇಲ್ಲ" ಅನ್ನುವ ಬೋರ್ಡು ಒಂದು ವರ್ಷ ತೆಗೆದಿಟ್ಟು ನೋಡಿ. ಹತ್ತು ತಿಂಗಳ ಅಡ್ವಾನ್ಸು ಕೇಳಬೇಡಿ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯೇ ಎರಡು ತಿಂಗಳಿಗಿಂತ ಹೆಚ್ಚು ಬೇಡ ಅನ್ನುತ್ತೆ. ಗ್ಯಾಸ್ ಬುಕ್ ಮಾಡಲು, ರಾತ್ರಿ ಹೊತ್ತು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಮನೆಯಲ್ಲಿ ಒಬ್ಬ ಹುಡುಗ ಇದ್ದರೆ ನಿಮಗೇ ಆಸರೆ.

ಯಾರನ್ನು ಕೇಳೋಣ?

ಮೊದಲಾಗಿದ್ದರೆ ಕಾರ್ಪೊರೇಟರ್ ಮನೆ ಮುಂದೆ ಹೋಗಿ ಕೂಗಾಡಬಹುದಿತ್ತು. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಪುರಪಿತೃಗಳೇ ಇಲ್ಲದೆ ಊರು ನಡೆಯಿತು. 2025ರ ಸೆಪ್ಟೆಂಬರ್‌ನಲ್ಲಿ ಬಿ.ಬಿ.ಎಂ.ಪಿ. ಹೋಗಿ ಐದು ಪಾಲಿಕೆ ಆದವು. ಒಂದು ಆಫೀಸಿನ ಜಾಗದಲ್ಲಿ ಐದು ಆಫೀಸು. ಒಳ್ಳೆಯದೇ. ಐದರಲ್ಲಿ ಯಾವುದಾದರೂ ಒಂದು ಆಫೀಸಿನ ಮೇಜಿನ ಮೇಲೆ 'ವಿದ್ಯಾರ್ಥಿ ಊಟ ಮತ್ತು ವಸತಿ' ಅಂತ ಒಂದು ಫೈಲು ತೆರೆದರೆ ಸಾಕು. ಇಲ್ಲಿವರೆಗೆ ಅದು ಸಮಾಜ ಕಲ್ಯಾಣ ಇಲಾಖೆಗೆ ಸೇರಿದ್ದು ಅಂತ ಪಾಲಿಕೆಯವರು, ಉನ್ನತ ಶಿಕ್ಷಣದವರದ್ದು ಅಂತ ಅವರು, ಕಾಲೇಜಿನವರದ್ದು ಅಂತ ಇವರು. ಚೆಂಡು ಮೂರು ಕೋರ್ಟಿನಲ್ಲಿ ಉರುಳುತ್ತಿದೆ, ಹುಡುಗ ಬೇಕರಿ ಮುಂದೆ ನಿಂತಿದ್ದಾನೆ.

ಈ ಸಲದ ಆಷಾಢಕ್ಕೆ ಒಂದೇ ಒಂದು ಛತ್ರದ ಬೀಗ ತೆಗೆಯಲಿ. ಒಂದೇ ಒಂದು. ತೆಗೆದವರು ಪತ್ರಿಕೆ ಕಚೇರಿಗೆ ಒಂದು ಮಾತು ಹೇಳಿ ಕಳಿಸಿ. ಅವರ ಛತ್ರದ ಹೆಸರು, ವಿಳಾಸ, ಊಟದ ಹೊತ್ತು, ಎಲ್ಲವನ್ನೂ ಇದೇ ಅಂಕಣದಲ್ಲಿ ದಪ್ಪ ಅಕ್ಷರದಲ್ಲಿ ಹಾಕುತ್ತೇವೆ. ಜಾಹೀರಾತಿನ ದುಡ್ಡು ಕೇಳುವುದಿಲ್ಲ.

ಸಂಬಂಧಪಟ್ಟವರು ಬೀಗದ ಕೈ ಹುಡುಕುವರೇ?